ಒಂದು ಸೆಕೆಂಡಿನ ಸದ್ದು

ಮೊನ್ನೆ ಮಳೆ ಬಿಡುವು ಕೊಟ್ಟದ್ದೇ ತಡ, ನಮ್ಮ ಬೀದಿಯ ತಾರಸಿಗಳೆಲ್ಲ ತುಂಬಿಹೋದವು. ಪಕ್ಕದ ಮನೆಯ ಮೇಷ್ಟ್ರ ತಾರಸಿಯಲ್ಲಿ ರಗ್ಗು, ಮೊರದ ತುಂಬ ಮೆಣಸಿನಕಾಯಿ, ಅದರಾಚೆ ಪಂಚೆಯ ಮೇಲೆ ಸಾಲಾಗಿ ಲೆನ್ಸುಗಳು. ನೇರ ಬಿಸಿಲಿಗಲ್ಲ, ತಂತಿಯ ಮೇಲಿನ ಸೀರೆಯ ನೆರಳಿಗೆ. ಬಿಸಿಲು ಬಿದ್ದರೆ ಭೂತಗನ್ನಡಿಯ ಹಾಗೆ ಪಂಚೆಯನ್ನೇ ಸುಟ್ಟೀತು. ನೆರಳು ಸರಿದಂತೆ ಲೆನ್ಸು ಸರಿಸಲು ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂತಿದ್ದರು.

ಹಳೆಯ ಕ್ಯಾಮೆರಾ ಇಟ್ಟುಕೊಂಡವರಿಗೆ ಮಳೆಗಾಲವೆಂದರೆ ಬೂಷ್ಟಿನ ಭಯ. ಗಾಜಿನ ಒಳಮೈಯಲ್ಲಿ ತೆಳ್ಳನೆಯ ಬಿಳಿ ಎಳೆಗಳಾಗಿ ಹಬ್ಬುತ್ತದೆ. ಅದಕ್ಕೆ ಬೇಕಾದ್ದು ಕತ್ತಲೆ, ತೇವ, ಗಾಳಿಯಾಡದ ಜಾಗ. ಚರ್ಮದ ಚೀಲಕ್ಕೆ ಹಾಕಿ ಬೀರುವಿನಲ್ಲಿಟ್ಟು ಬೀಗ ಜಡಿದರೆ ಮೂರೂ ಸಿಕ್ಕಂತಾಯಿತು. ಅತಿ ಜೋಪಾನ ಮಾಡಿದವರ ಲೆನ್ಸೇ ಮೊದಲು ಕೆಡುವುದು!

ಮೇಷ್ಟ್ರ ಪ್ರಾಣವಿರುವುದು ಒಂದು ಲೈಕಾ ಎಂ3ಯಲ್ಲಿ. ಜರ್ಮನಿಯ ವೆಟ್ಸ್ಲಾರ್ ಊರಿನಲ್ಲಿ, ಸೂಕ್ಷ್ಮದರ್ಶಕಗಳಿಗೆ ಹೆಸರಾಗಿದ್ದ ಲೈಟ್ಸ್ ಕಂಪನಿ 1954ರಲ್ಲಿ ಹೊರತಂದ ಮಾದರಿ ಅದು. ಲೈಕಾದ ಮೂಲಪುರುಷ ಓಸ್ಕರ್ ಬಾರ್ನಾಕ್‌ಗೆ ದಮ್ಮಿನ ಕಾಯಿಲೆ. ದೊಡ್ಡ ಪೆಟ್ಟಿಗೆ, ಗಾಜಿನ ಪ್ಲೇಟು ಹೊತ್ತು ತಿರುಗಲಾರದೆ, ಸಿನಿಮಾ ಫಿಲ್ಮು ಹಿಡಿಸುವ ಪುಟ್ಟ ಕ್ಯಾಮೆರಾ ಮಾಡಿಕೊಂಡನಂತೆ. ಮೇಷ್ಟ್ರು ತಮ್ಮದನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಎಷ್ಟಕ್ಕೆ ಅಂತ ಮನೆಯಲ್ಲಿ ಇಂದಿಗೂ ಹೇಳಿಲ್ಲ.

"ಕೇಳಿ ಇಲ್ಲಿ" ಅಂದವರೇ ವೇಗದ ಗುಂಡಿಯನ್ನು 1ಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ಒತ್ತಿದರು. ಚಿಕ್ ಎಂದು ಬಟ್ಟೆಯ ಪರದೆ ಸರಿಯಿತು; ಒಳಗಿನ ಸಣ್ಣ ಹಲ್ಲಿನ ಚಕ್ರಗಳು ಜುರ್ರ್ ಅಂದವು; ಮತ್ತೆ ಚಿಕ್. ಅದು ಒಂದು ಸೆಕೆಂಡು. ಬ್ಯಾಟರಿ ಇಲ್ಲ, ಬೆಳಕಿನ ಮೀಟರೂ ಇಲ್ಲ, ಎಲ್ಲ ಸ್ಪ್ರಿಂಗಿನ ಕೆಲಸ. ಓಡಿಸದೆ ಇಟ್ಟರೆ ಎಣ್ಣೆ ಜಿಡ್ಡುಗಟ್ಟಿ ಒಂದು ಸೆಕೆಂಡು ಒಂದೂವರೆಯಾಗುತ್ತದೆ, ಕಡೆಗೊಮ್ಮೆ ನಡುದಾರಿಯಲ್ಲೇ ನಿಂತುಬಿಡುತ್ತದೆ. ಹಾಗಾಗಿ ಒಳಗೆ ಫಿಲ್ಮೇ ಇಲ್ಲದಿದ್ದರೂ ಆಗಾಗ ಈ ವ್ಯಾಯಾಮ.

ಸಂಗ್ರಹಿಸುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ. ಕಪಾಟಿನಲ್ಲಿ ಸಾಲಾಗಿ ಜೋಡಿಸಿ ಬೆಲೆ ಹೇಳುವವರನ್ನು ಸಾಕಷ್ಟು ನೋಡಿದ್ದೇನೆ. ಆದರೆ ಆ ಜುರ್ರ್ ಎನ್ನುವುದರಲ್ಲಿ ಒಂದಿಷ್ಟು ಎಡವಟ್ಟಾದರೂ ಕಿವಿಯಲ್ಲೇ ಹಿಡಿಯುವ ಮನುಷ್ಯನ ಒಡೆತನ ಬೇರೆ ಬಗೆಯದು ಅನ್ನಿಸಿತು. ಯಾರು ಯಾರನ್ನು ಇಟ್ಟುಕೊಂಡಿದ್ದಾರೆ ಅನ್ನುವುದೇ ಗೊತ್ತಾಗುವುದಿಲ್ಲ.

ಮೆಣಸಿನಕಾಯಿ ಕೈಯಾಡಿಸಲು ಬಂದ ಅವರ ಮನೆಯವರು, "ಫೋಟೋನೇ ತೆಗೀದ ಕ್ಯಾಮೆರಾಕ್ಕೆ ಇಷ್ಟು ಉಪಚಾರ ನೋಡಿ" ಅಂದರು. ಮೇಷ್ಟ್ರು ತಲೆಯೆತ್ತಲಿಲ್ಲ. "ರೋಲು ಹಾಕಿದರೆ ಮೂವತ್ತಾರಕ್ಕೆ ಮುಗಿದುಹೋಗುತ್ತಲ್ಲೇ" ಅಂದರು.

ದೀಪಾವಳಿಗೆ ಮೊಮ್ಮಗಳು ಬರುತ್ತಾಳಂತೆ. ಆಗ ಖಂಡಿತ ಒಂದು ರೋಲು ಹಾಕುತ್ತಾರಂತೆ. ಅವರ ಮನೆಯವರಿಗೆ ನಂಬಿಕೆಯಿಲ್ಲ. ನನಗೆ ಸ್ವಲ್ಪ ಇದೆ.