ನುಡಿದ ನಂಬುಗೆ, ನಡೆದ ನಂಬುಗೆ

ದಾಂಡೇಲಿಯ ಕಾಡಿನ ನಡುವೆ ವಿದ್ಯುತ್ ನಿಗಮದವರ ಊರೊಂದಿದೆ. ಅದಕ್ಕೆ ಅಂಬಿಕಾನಗರವೆಂದು ಹೆಸರು. ಅಂಬಿಕೆಯೆಂದರೆ ತಾಯಿ. ಆ ಸೀಮೆಯ ಹೊಳೆ ಕಾಳಿ. ಕಾಳಿಯ ನೀರು ಧುಮುಕಿ ಆರು ಯಂತ್ರಗಳನ್ನು ತಿರುಗಿಸುವ ವಿದ್ಯುದಾಗಾರ ನಾಗಝರಿ. ಮೂರು ಹೆಸರುಗಳಲ್ಲಿಯೂ ದೈವವೇ! ಹೆಸರಿಡುವುದರಲ್ಲಿ ನಮ್ಮ ಭಕ್ತಿ ಎಂದೂ ಕಡಿಮೆಯಾದುದಲ್ಲ. ಆದರೆ ಹೆಸರಿಟ್ಟವನಿಗೆ ಖರ್ಚೇನೂ ಬೀಳುವುದಿಲ್ಲ. ನಂಬುಗೆ ಗಟ್ಟಿಯೋ ಜೊಳ್ಳೋ ಎಂಬುದು, ಅದಕ್ಕಾಗಿ ಏನನ್ನಾದರೂ ತೆರಬೇಕಾಗಿ ಬಂದಾಗಲೇ ತಿಳಿಯುವುದು.

ಉತ್ತರ ಕನ್ನಡದ ಹಳ್ಳಿಗಳಲ್ಲಿ ದೇವರ ಬನಗಳುಂಟು. ಬನದೊಳಗಿನ ಒಣಕಡ್ಡಿ ಮುರಿಯಲೂ ಜನ ಹೆದರುತ್ತಾರೆ. ಆದರೆ ಬನದಾಚೆಯ ಕಾಡು ಬೋಳಾಗುತ್ತಿದ್ದಾಗ, ಅದು ಸರ್ಕಾರದ್ದು, ನಮಗೇನು ಎಂದು ಎಷ್ಟೋ ಮಂದಿ ಸುಮ್ಮನಿದ್ದರು. ಹಾಗೆ ಸುಮ್ಮನಿರಲಾರದೆ 1983ನೆಯ ಇಸವಿಯ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿಯ ಕಡೆಯ ಜನ ಕಾಡಿಗೆ ನಡೆದರು; ಕೊಡಲಿ ಬೀಳಲಿದ್ದ ಮರಗಳನ್ನು ತಬ್ಬಿ ನಿಂತರು. ಹತ್ತು ವರ್ಷ ಮೊದಲು, 1973ರಲ್ಲಿ, ಹಿಮಾಲಯದ ಗಢವಾಲದಲ್ಲಿ ಮೊದಲಾದ ಚಿಪ್ಕೋ ನಮ್ಮಲ್ಲಿ ‘ಅಪ್ಪಿಕೋ’ ಆಯಿತು. ಪಾಂಡುರಂಗ ಹೆಗಡೆಯವರು ಅದರ ಮುಂಚೂಣಿಯಲ್ಲಿದ್ದರು. ಮರಕ್ಕೆ ಕೈಮುಗಿಯುವುದೂ ಭಕ್ತಿಯೇ, ಅಪ್ಪುವುದೂ ಭಕ್ತಿಯೇ. ಆದರೆ ಅಪ್ಪಿದವನು ಕೊಡಲಿಗೂ ಮರಕ್ಕೂ ನಡುವೆ ನಿಂತಿರುತ್ತಾನೆ.

ಇಲ್ಲಿಗೇ ಕಥೆ ಮುಗಿದಿದ್ದರೆ ಅದು ಸುಲಭದ ಮಾತಾಗುತ್ತಿತ್ತು. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಒಲೆಗೆ ಕಟ್ಟಿಗೆ ಬೇಕು. ಎರಡೂ ಬರುವುದು ಬೆಟ್ಟದಿಂದಲೇ. ಗುತ್ತಿಗೆದಾರನನ್ನು ತಡೆದವರು ತಮ್ಮ ಕತ್ತಿಯನ್ನೂ ಹಿಡಿತದಲ್ಲಿಡಬೇಕಷ್ಟೆ? ಆದುದರಿಂದಲೇ ಅಪ್ಪಿಕೋದವರು ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತುಗಳನ್ನು ಒಟ್ಟಿಗೆ ಹೇಳಿದರು. ಸಸಿ ಬೆಳೆಸಿದರು, ಕಟ್ಟಿಗೆ ಉಳಿಸುವ ಒಲೆಗಳನ್ನು ಬಳಕೆಗೆ ತಂದರು. ಮೆರವಣಿಗೆಗಿಂತ ಇದು ಕಷ್ಟದ ಕೆಲಸ. ಮೆರವಣಿಗೆ ಒಂದು ದಿನದ್ದು, ಒಲೆ ದಿನವೂ ಉರಿಯುವಂಥದು.

ಕಾಳಿಯ ದಂಡೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಸೂಪಾ ಅಣೆಕಟ್ಟು ಎದ್ದಾಗ ಸೂಪಾ ಎಂಬ ಊರೇ ನೀರಿನಡಿಗೆ ಹೋಯಿತು. ಹಲವರು ರಾಮನಗರಕ್ಕೆ ಬಂದು ಹೊಸದಾಗಿ ಒಲೆ ಹೂಡಿದರು. ನಾಡಿನ ಹಿತಕ್ಕಾಗಿ ತ್ಯಾಗ ಬೇಕು ಎಂದು ನುಡಿದವರು ಅನೇಕರು. ಮನೆಯಂಗಳವನ್ನು ನೀರಿಗೆ ಒಪ್ಪಿಸಿದವರು ಬೇರೆಯವರು. ವಿದ್ಯುತ್ತೇ ಬೇಡವೆನ್ನಲು ನಾನು ಬಂದಿಲ್ಲ. ಈ ಮಾತು ನಿಮ್ಮನ್ನು ಮುಟ್ಟುವುದೂ ಅದರಿಂದಲೇ. ಆದರೆ ಕೊಟ್ಟವರ ಋಣ ಕೊಂಡವರ ಮೇಲಿದೆ. ಅದನ್ನು ತೀರಿಸುವ ಬಗೆ ಹೊಗಳಿಕೆಯಲ್ಲ. ಒಕ್ಕಲೆದ್ದವರಿಗೆ ಕೊಟ್ಟ ಮಾತು ಪೂರ್ತಿ ನಡೆಯಿತೇ ಎಂದು ಕೇಳುವುದು, ಬೇಡದ ದೀಪವನ್ನು ಆರಿಸುವುದು, ತಾಯಿಯೆಂದು ಕರೆದ ಹೊಳೆಗೆ ಕಸ ಸುರಿಯದಿರುವುದು, ಇವು ಸಣ್ಣ ಕೆಲಸಗಳಂತೆ ಕಂಡಾವು. ಆದರೂ ನಾವು ನಂಬಿದ್ದೇನೆಂದು ಮಕ್ಕಳು ಕಲಿಯುವುದು ಇವುಗಳನ್ನು ನೋಡಿಯೇ. ನಮ್ಮ ಪ್ರಾರ್ಥನೆಯನ್ನು ಅವರು ಕೇಳುತ್ತಾರೆ, ನಿಜ. ಆದರೆ ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ನಾವೇನು ಮಾಡುತ್ತೇವೆಂಬುದನ್ನು ಅವರು ಇನ್ನೂ ಗಮನವಿಟ್ಟು ನೋಡುತ್ತಿರುತ್ತಾರೆ.