ಗುಳೆ ಹೋದವರ ಮನೆ


2020ರ ಮಾರ್ಚ್ 24ರ ರಾತ್ರಿ 'ಮನೆಯಲ್ಲೇ ಇರಿ' ಎಂಬ ಆಜ್ಞೆ ಹೊರಟಿತು. ಗುಳೆ ಹೋದವರ ಮನೆ ನೂರಾರು ಕಿಲೋಮೀಟರು ದೂರವಿತ್ತು. ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯ ಎಷ್ಟೋ ಕೂಲಿಕಾರರು ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿದ್ದರು. ಕೆಲಸವೂ ಬಸ್ಸೂ ಒಟ್ಟಿಗೇ ನಿಂತಾಗ ಕೆಲವರು ನಡೆದೇ ಊರಿಗೆ ಹೊರಟರು.

ಊರು ಸೇರಿದವರಿಗೆ ಆಸರೆಯಾದದ್ದು ಪಡಿತರದ ಅಕ್ಕಿ ಮತ್ತು ಉದ್ಯೋಗ ಖಾತರಿ ಯೋಜನೆ. ಏಪ್ರಿಲ್ 20ರಿಂದ ಅಂತರ ಕಾಯ್ದುಕೊಂಡು ಕೆಲಸ ನಡೆಸಲು ಅನುಮತಿ ದೊರೆಯಿತು; ಆ ವರ್ಷದ ದಿನಗೂಲಿ 275 ರೂಪಾಯಿ. ಆದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸ ಮಾತ್ರ ಖಾತರಿಯಾಗಿತ್ತು. ಉಳಿದ ದಿನಗಳಿಗೆ ಹೊಲವೇ ದುಡಿಮೆ ಕೊಡಬೇಕು. ಅದಕ್ಕೆ ನೀರು ಬೇಕು.

ಇದನ್ನು ಗಟ್ಟಿಯಾಗಿ ಕೇಳಿದ ಊರು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು. ನಮ್ಮ ಸಹ್ಯಾದ್ರಿಯಲ್ಲೇ ಹುಟ್ಟುವ ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ ಹರಿಯುತ್ತಿದ್ದರೂ ಅಲ್ಲಿನ ಹೊಲಗಳು ಮಳೆಯನ್ನೇ ನಂಬಿದ್ದವು. '5ಎ' ಕಾಲುವೆಗಾಗಿ 2020ರ ಕೊನೆಯಲ್ಲಿ, ಸೋಂಕಿನ ಕಾಲದಲ್ಲೇ, ರೈತರು ಅಲ್ಲಿ ಧರಣಿ ಕುಳಿತರು. 2021ರ ಏಪ್ರಿಲ್‌ನಲ್ಲಿ ನಡೆದ ಮಸ್ಕಿ ಉಪಚುನಾವಣೆಯಲ್ಲಿಯೂ ಈ ಕಾಲುವೆಯ ಮಾತು ದೊಡ್ಡದಾಗಿ ಕೇಳಿಬಂದಿತು.

ಮಲೆನಾಡಿನ ಕಾಫಿ ತೋಟಗಳಿಗೂ ಬಯಲುಸೀಮೆಯ ಕೂಲಿಕಾರರು ಬರುತ್ತಾರೆ. ಅವರು ಊರು ಬಿಟ್ಟದ್ದೇಕೆಂದು ನಾವು ಕೇಳಬೇಕು. ನದಿಯ ಉಗಮವನ್ನು ಕಾಯುವ ನಮಗೆ, ಅದರ ನೀರು ಯಾರ ಹೊಲ ಮುಟ್ಟುತ್ತದೆ, ಯಾರದನ್ನು ಮುಟ್ಟುವುದಿಲ್ಲ ಎಂಬುದೂ ತಿಳಿದಿರಬೇಕು.