ಟೀವಿ ಕೊಳ್ಳುವ ಮೊದಲು

(ಶಾಲೆಯ ರಕ್ಷಕ-ಶಿಕ್ಷಕ ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕ ಸಭೆಯಲ್ಲಿ ಟೀವಿಯ ವಿಚಾರವನ್ನೆತ್ತಿಕೊಂಡು ನಿಂತ ನಮ್ಮನ್ನು ಕಂಡು ತಮ್ಮಲ್ಲಿ ಕೆಲವರಿಗೆ ನಗೆ ಬಂದೀತು. ಟೀವಿಯ ಮುಂದಿನಿಂದ ಮಕ್ಕಳನ್ನು ಎಬ್ಬಿಸಿ ಪುಸ್ತಕದ ಮುಂದೆ ಕೂರಿಸಿರೆಂದು ಇದೇ ವೇದಿಕೆಯಿಂದ ವರ್ಷ ವರ್ಷವೂ ಬಿನ್ನವಿಸಿಕೊಂಡವರು ನಾವೇ ಅಲ್ಲವೇ? ಆದರೆ 2020ನೆಯ ಇಸವಿಯ ಜೂನ್ 1ರಂದು ಕೇರಳದ ಶಾಲೆಗಳ ಪಾಠವು ವಿಕ್ಟರ್ಸ್ ವಾಹಿನಿಯ ‘ಫಸ್ಟ್ ಬೆಲ್’ ಆಗಿ ಟೀವಿಯೊಳಗೇ ಬಂದು ಕುಳಿತಿತು. ಕನ್ನಡ ಮಾಧ್ಯಮದ ಪಾಠಗಳೂ ಸಿದ್ಧವಾದವು. ಟೀವಿಯಿಲ್ಲದ ಮನೆಯ ಮಕ್ಕಳು ನೆರೆಮನೆಯ ಚಾವಡಿಯ ಅಂಚಿನಲ್ಲಿ ಕುಳಿತು ಪಾಠ ಬರೆದುಕೊಂಡುದನ್ನು ನಾವು ಕಣ್ಣಾರೆ ಕಂಡೆವು. ಅಂದಿನಿಂದ ಈ ಯಂತ್ರವನ್ನು ಬೈಯುವ ನಮ್ಮ ಹಕ್ಕು ಅರ್ಧಕ್ಕಿಳಿದಿದೆ.

ಈಗ ಐದನೆಯ ತರಗತಿಗೆ ಹೊಸ ಟೀವಿಯೊಂದನ್ನು ಕೊಳ್ಳಲು ಸಂಘವು ಹಣ ಕೂಡಿಸಿದೆ. ಅಡಿಕೆ ಮಾರಿದವರ ಹಣ ಅದರಲ್ಲಿದೆ. ಬೀಡಿ ಕಟ್ಟಿದ ತಾಯಂದಿರ ಹಣವೂ ಇದೆ. ಯಾವ ಬಗೆಯದನ್ನು ಕೊಳ್ಳಬೇಕೆಂದು ಸಮಿತಿಯು ನಮ್ಮನ್ನು ಕೇಳಿತು. ಹೇಳುವ ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

2021ರ ನವೆಂಬರಿನಲ್ಲಿ ಶಾಲೆ ಮರಳಿ ತೆರೆದಾಗ ಈ ಶಾಲೆಗೆ 43 ಇಂಚಿನ ಟೀವಿಯನ್ನು ಆರಿಸಿ ತಂದವರು ನಾವೇ. ಅಂಗಡಿಯಲ್ಲಿ ಅದರ ಮೇಲೆ ನವಿಲೊಂದು ಗರಿಗೆದರಿ ಕುಣಿಯುತ್ತಿತ್ತು. ನಾವು ಸರಿಯಾಗಿ ಎದುರಿಗೆ, ನಾಲ್ಕು ಮಾರು ದೂರವೂ ಅಲ್ಲ, ನಾಲ್ಕು ಅಡಿ ದೂರದಲ್ಲಿ ನಿಂತು ನೋಡಿ ಮರುಳಾದೆವು. ತಂದು ಕಿಟಕಿಗಳಿಗೆ ಎದುರಾದ ಗೋಡೆಗೆ ತೂಗುಹಾಕಿದೆವು. ಕೆಲವು ವಾರಗಳ ಮೇಲೆ ಬದಿಯ ಸಾಲಿನ ಕೊನೆಯ ಬೆಂಚಿನ ಬಾಲಕನೊಬ್ಬನ ಪುಸ್ತಕದಲ್ಲಿ ‘ಧನವಂತ’ ಎಂಬುದು ‘ದನವಂತ’ ಎಂದಾಗಿತ್ತು. ತರಗತಿಯೆಲ್ಲ ನಕ್ಕಿತು. ನಾವು ಗದರಿಸಿದೆವು. “ಸರ್, ಅಲ್ಲಿ ಹಾಗೆಯೇ ಕಾಣುವುದು” ಎಂದು ಅವನು ತಲೆ ತಗ್ಗಿಸಿ ಹೇಳಿದನು. ಅವನ ಜಾಗದಲ್ಲಿ ಹೋಗಿ ಕುಳಿತು ನೋಡಿದರೆ, ಪರದೆಯ ಅರ್ಧ ಭಾಗದಲ್ಲಿ ಕಿಟಕಿಯ ಸರಳುಗಳೇ ಪ್ರತಿಬಿಂಬಿಸುತ್ತಿದ್ದವು. ಉಳಿದ ಅರ್ಧದಲ್ಲಿ ಬಣ್ಣವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ದ ಯಾವುದು, ಧ ಯಾವುದು ಎಂಬುದು ಬಿ.ಎ., ಬಿ.ಎಡ್. ಓದಿದ ನಮಗೂ ತಿಳಿಯಲಿಲ್ಲ. ಆ ಬಾಲಕನಲ್ಲಿ ಅಂದೇ ಕ್ಷಮೆ ಕೇಳಬೇಕಾಗಿತ್ತು. ಕೇಳಲು ಎರಡು ದಿನ ಬೇಕಾಯಿತು.

ಇಲ್ಲಿ ಮೂರು ದೋಷಗಳು ಕೂಡಿಕೊಂಡಿದ್ದವು: ಗಾತ್ರ ಸಾಲದು, ಓರೆಯಿಂದ ಕಾಣದು, ಬೆಳಕಿಗೆ ಎದುರು. ಟೀವಿ ಕೆಟ್ಟುದಾಗಿರಲಿಲ್ಲ, ಮನೆಯೊಂದರ ಕೋಣೆಗೆ ಅದು ತಕ್ಕುದೇ.

ಮೊದಲು ಗಾತ್ರ. ಟೀವಿಯ ಇಂಚನ್ನು ಒಂದು ಮೂಲೆಯಿಂದ ಎದುರು ಮೂಲೆಗೆ, ಕರ್ಣರೇಖೆಯಲ್ಲಿ ಅಳೆಯುತ್ತಾರೆ. ಅಗಲ-ಎತ್ತರಗಳ ಪ್ರಮಾಣ 16ಕ್ಕೆ 9. ಪೈಥಾಗೊರಸನ ಪ್ರಮೇಯವನ್ನು ಕಲಿತ ಮಕ್ಕಳು ತಾವೇ ಲೆಕ್ಕ ಹಾಕಬಹುದು: 43 ಇಂಚಿನ ಟೀವಿಯ ಎತ್ತರ ಸುಮಾರು 21 ಇಂಚು, 55ರದು 27, 65ರದು 32, 75ರದು ಸುಮಾರು 37. ಪರದೆಯ ಮೇಲಿನ ಬರಹವನ್ನು ಓದಬೇಕಾದವನು ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಕೂರಬಾರದೆಂಬುದು ಸಭಾಗೃಹಗಳನ್ನು ಸಜ್ಜುಗೊಳಿಸುವವರ ರೂಢಿಯ ಲೆಕ್ಕ. ಆ ಪ್ರಕಾರ 43 ಇಂಚಿಗೆ ಹತ್ತೂವರೆ ಅಡಿ, 55ಕ್ಕೆ ಹದಿಮೂರೂವರೆ, 65ಕ್ಕೆ 16, 75ಕ್ಕೆ 18 ಅಡಿ ಮಿತಿಯಾಯಿತು. ನಮ್ಮ ತರಗತಿಯ ಕೊನೆಯ ಬೆಂಚು 18 ಅಡಿಯಲ್ಲಿದೆ. ಆ ಬಾಲಕನು ಮಿತಿಗಿಂತ ಏಳೂವರೆ ಅಡಿ ಆಚೆ ಕುಳಿತು ಓದಲು ಹೆಣಗುತ್ತಿದ್ದನು! ಇಂಗ್ಲಿಷ್ ಅಕ್ಷರಕ್ಕೆ ಸಾಲುವ ಗಾತ್ರ ಕನ್ನಡಕ್ಕೆ ಸಾಲದೆಂಬುದನ್ನೂ ಸೇರಿಸಿಕೊಳ್ಳಿರಿ. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ಭೇದವು ಅಡಿಯಲ್ಲಿನ ಒಂದು ಸೀಳು ಮಾತ್ರ. ಒತ್ತಕ್ಷರಗಳಂತೂ ಅಕ್ಷರದ ಕಾಲಬುಡದಲ್ಲಿ ಕುಗ್ಗಿ ಕುಳಿತಿರುತ್ತವೆ.

ಇನ್ನು ಬಗೆಗಳ ವಿಚಾರ. ಅಂಗಡಿಯಲ್ಲಿ ಎಲ್‌ಸಿಡಿ, ಎಲ್‌ಇಡಿ, ಕ್ಯೂಎಲ್‌ಇಡಿ, ಒಎಲ್‌ಇಡಿ ಎಂದು ಹೆಸರುಗಳ ಸಂತೆಯೇ ಇದೆ. ದಪ್ಪ ಗಾಜಿನ ಹಳೆಯ ಟೀವಿಯೂ, ಅನಂತರದ ಪ್ಲಾಸ್ಮಾ ಟೀವಿಯೂ ಮಾರುಕಟ್ಟೆಯಿಂದ ಮರೆಯಾದುದರಿಂದ ಉಳಿದ ವಂಶಗಳು ಎರಡೇ. ಮೊದಲನೆಯದು ಎಲ್‌ಸಿಡಿ: ಹಿಂದೆ ದೀಪ, ಮುಂದೆ ದ್ರವಸ್ಫಟಿಕದ ತೆಳು ಪದರ. ಕಿಟಕಿಯ ಅಡ್ಡಪಟ್ಟಿಗಳನ್ನು ತಿರುಗಿಸಿ ಬಿಸಿಲನ್ನು ಹೆಚ್ಚುಕಡಿಮೆ ಮಾಡುವಂತೆ ಈ ಪದರವು ಒಂದೊಂದು ಬಿಂದುವಿನಲ್ಲಿಯೂ ಬೆಳಕನ್ನು ಬಿಡುತ್ತದೆ, ತಡೆಯುತ್ತದೆ. ಹಿಂದಣ ದೀಪ ಎಲ್‌ಇಡಿಯಾದಾಗ ವರ್ತಕರು ಅದಕ್ಕೆ ‘ಎಲ್‌ಇಡಿ ಟೀವಿ’ ಎಂದು ಹೊಸ ನಾಮಕರಣ ಮಾಡಿದರು, ಕುಲ ಬದಲಾಗಲಿಲ್ಲ. ಕ್ಯೂಎಲ್‌ಇಡಿಯೂ ಇದೇ ಮನೆತನದ್ದು: ದೀಪಕ್ಕೂ ಪದರಕ್ಕೂ ನಡುವೆ ಕ್ವಾಂಟಂ ಕಣಗಳ ಹಾಳೆಯೊಂದಿದ್ದು ಅದು ಕೆಂಪು-ಹಸಿರು ಬಣ್ಣಗಳನ್ನು ಶುದ್ಧಗೊಳಿಸುತ್ತದೆ. ಈ ಕಣಗಳನ್ನು ಕಂಡುಹಿಡಿದು ರೂಪಿಸಿದುದಕ್ಕಾಗಿ ಬವೆಂಡಿ, ಬ್ರೂಸ್, ಎಕಿಮೊವ್ ಎಂಬ ಮೂವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದುದನ್ನು ಮಕ್ಕಳು ಗುರುತಿಟ್ಟುಕೊಳ್ಳಬಹುದು.

ಎರಡನೆಯ ವಂಶವು ಒಎಲ್‌ಇಡಿ. ಇದಕ್ಕೆ ಹಿಂದೀಪವಿಲ್ಲ, ಪ್ರತಿಯೊಂದು ಬಿಂದುವೂ ತಾನೇ ಬೆಳಗಿ ತಾನೇ ಆರುತ್ತದೆ. ಆದುದರಿಂದ ಇದರ ಕಪ್ಪು ನಿಜವಾದ ಕಪ್ಪು; ಓರೆಯಿಂದ ನೋಡಿದರೂ ಬಣ್ಣ ಕೆಡುವುದು ಕಡಿಮೆ. ಕತ್ತಲಕೋಣೆಯಲ್ಲಿ ಸಿನಿಮಾ ನೋಡುವವನಿಗೆ ಇದಕ್ಕೆ ಸಾಟಿಯಿಲ್ಲ. ಆದರೆ ಬೆಲೆ ಏರು. ಪರದೆಯೆಲ್ಲ ಬಿಳಿಯಾಗಿರಬೇಕಾದಾಗ ಬೆಳಕನ್ನು ತಗ್ಗಿಸಿಕೊಳ್ಳುತ್ತದೆ. ಪಾಠದ ಪುಟವೆಂದರೆ ಬಹುಪಾಲು ಬಿಳಿಯೇ. ಒಂದೇ ಚಿತ್ರ ಒಂದೇ ಕಡೆ ಬಹುಕಾಲ ನಿಂತರೆ ಅದರ ಛಾಯೆ ಉಳಿದುಬಿಡುವ ಭಯವೂ ಇದೆ. ಶಾಲೆಗೆ ಇದು ಒಗ್ಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಆಗ ಉಳಿದುದು ಎಲ್‌ಸಿಡಿ. ಅದರಲ್ಲಿಯೂ ಒಳಗುಟ್ಟೊಂದಿದೆ; ಪೆಟ್ಟಿಗೆಯ ಮೇಲೆ ಅದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ. ದ್ರವಸ್ಫಟಿಕವನ್ನು ಜೋಡಿಸುವ ಕ್ರಮಗಳಲ್ಲಿ ವಿಎ ಎಂಬುದು ಒಂದು, ಐಪಿಎಸ್ ಎಂಬುದು ಇನ್ನೊಂದು. ವಿಎಯಲ್ಲಿ ಕಪ್ಪು-ಬಿಳುಪಿನ ಅಂತರ ಹೆಚ್ಚು, ಎದುರಿಗೆ ಕುಳಿತವನಿಗೆ ಸೊಗಸು. ಬದಿಗೆ ಸರಿದಂತೆ ಬಣ್ಣ ಸೋಲುತ್ತದೆ. ಐಪಿಎಸ್‌ನಲ್ಲಿ ಕಪ್ಪು ಕೊಂಚ ಬೂದುಬಣ್ಣಕ್ಕೆ ತಿರುಗಿದರೂ ಬದಿಯಲ್ಲಿ ಕುಳಿತವನಿಗೂ ಚಿತ್ರ ಚೊಕ್ಕಟವಾಗಿರುತ್ತದೆ. ಮನೆಯಲ್ಲಿ ನಾಲ್ವರು ಎದುರಿಗೇ ಕೂರುವರಾದರೆ ಮೊದಲನೆಯದು. ತರಗತಿಗೆ ನಿಸ್ಸಂದೇಹವಾಗಿ ಎರಡನೆಯದು. ಮಾರುವವನಿಗೆ ಈ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಪರದೆಯಿಂದ ನಾಲ್ಕು ಹೆಜ್ಜೆ ಬಲಕ್ಕೆ, ನಾಲ್ಕು ಹೆಜ್ಜೆ ಎಡಕ್ಕೆ ಹೋಗಿ ನಿಂತು ನೋಡಿರಿ. ಮನುಷ್ಯನ ಮುಖದ ಬಣ್ಣ ಬಿಳಿಚಿಕೊಂಡರೆ ಗುಟ್ಟು ಬಯಲಾಯಿತು. ಟೀವಿಯನ್ನು ಆರಿಸಿಯೂ ಒಮ್ಮೆ ನೋಡತಕ್ಕದ್ದು: ನಿಮ್ಮ ಮುಖವೇ ಕನ್ನಡಿಯಲ್ಲಿ ಕಂಡಂತೆ ಕಂಡರೆ ಕಿಟಕಿಯೂ ಹಾಗೆಯೇ ಕಾಣುವುದು.

4ಕೆ ಎಂಬ ಮಂತ್ರವನ್ನು ಎಲ್ಲರೂ ಕೇಳಿದ್ದೀರಿ. ಅಡ್ಡಲಾಗಿ 3840, ಉದ್ದಕ್ಕೆ 2160 ಬಿಂದುಗಳು. ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಆದರೆ ಮನುಷ್ಯನ ಕಣ್ಣಿಗೂ ಮಿತಿಯುಂಟು. 43 ಇಂಚಿನ ಫುಲ್ ಎಚ್‌ಡಿ ಪರದೆಯಿಂದ ಆರು ಅಡಿ ಆಚೆ ಕುಳಿತವನಿಗೆ ಬಿಂದುಗಳು ಬೇರೆ ಬೇರೆಯಾಗಿ ಕಾಣುವುದೇ ಕಷ್ಟ. ಎಂಟು ಅಡಿ ದೂರದ ಬೆಂಚಿನಲ್ಲಿ ಕುಳಿತು ಯಕ್ಷಗಾನ, ವಾರ್ತೆ ನೋಡುವ ಅಜ್ಜನಿಗಾಗಿ ಅದರ ಹಿಂದೆ ಓಡಬೇಕಾಗಿಲ್ಲ. 65 ಇಂಚಿನಷ್ಟು ದೊಡ್ಡದಾದಾಗ ಮಾತು ಬೇರೆ. ಆ ಗಾತ್ರದಲ್ಲಿ ಹೇಗೂ 4ಕೆಯೇ ಸಿಗುತ್ತದೆ.

ಧ್ವನಿಯನ್ನು ಎಲ್ಲರೂ ಮರೆಯುತ್ತಾರೆ. ಟೀವಿ ತೆಳ್ಳಗಾದಂತೆ ಧ್ವನಿವರ್ಧಕವು ಕುಗ್ಗಿ, ಹಿಂದಕ್ಕೋ ಕೆಳಕ್ಕೋ ಮುಖ ಮಾಡಿಕೊಂಡಿದೆ. ಆಟಿಯ ಮಳೆ ನಮ್ಮ ಶೀಟಿನ ಮಾಡಿನ ಮೇಲೆ ಹೊಡೆಯುವಾಗ ಗುರುಗಳ ಗಂಟಲೇ ಸೋಲುತ್ತದೆ, ಇದರದೇನು? ಪ್ರತ್ಯೇಕ ಸ್ಪೀಕರಿಗೆ ಹಣದಲ್ಲೊಂದು ಪಾಲು ತೆಗೆದಿರಿಸಲೇಬೇಕು. ಮನೆಗೆ ಕೊಳ್ಳುವವರಿಗೂ ನಮ್ಮ ಸೂಚನೆ ಇದೇ.

ಎಲ್ಲಿ ಕೊಳ್ಳುವುದು? ಮಂಗಳೂರಿನಲ್ಲಿ ಅಗ್ಗವೋ ಕಾಸರಗೋಡಿನಲ್ಲಿ ಅಗ್ಗವೋ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಗಡಿಯ ಎರಡೂ ಕಡೆ ತೆರಿಗೆ ಒಂದೇ. 32 ಇಂಚಿಗಿಂತ ದೊಡ್ಡ ಟೀವಿಗಳ ಮೇಲೆ ನೂರಕ್ಕೆ 28ರಷ್ಟಿದ್ದ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 30,000 ರೂಪಾಯಿಯ ಟೀವಿಗೆ 3,000 ರೂಪಾಯಿ ಉಳಿತಾಯವಾಯಿತು. ಆದುದರಿಂದ ಬೆಲೆಗಿಂತ ರಿಪೇರಿಯವನು ಎಲ್ಲಿಂದ ಬರುವನೆಂಬುದನ್ನು ಕೇಳಿರಿ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಆಚೆ ಕೊಂಡ ಟೀವಿ ಕೆಟ್ಟು ಮೂಲೆ ಸೇರಿದ ಮನೆಯೊಂದನ್ನು ನಾವು ಬಲ್ಲೆವು. ಬಿಲ್ಲನ್ನು ಜೋಪಾನವಾಗಿಡಿ. ತುಲಾ ತಿಂಗಳ ಸಂಜೆ ಗುಡುಗು ಕೇಳಿಸುವ ಮೊದಲೇ ಕರೆಂಟಿನ ಪ್ಲಗ್ಗನ್ನು ಮಾತ್ರವಲ್ಲ, ಡಿಶ್ಶಿನ ಅಥವಾ ಕೇಬಲಿನ ತಂತಿಯನ್ನೂ ಕಳಚಿರಿ. ಗುಡುಗು ಕೇಳಿಸಿದ ಬಳಿಕ ಮಾತ್ರ ಅದರ ಹತ್ತಿರ ಹೋಗಬೇಡಿರಿ; ಟೀವಿ ಹೋದರೆ ಹೋಗಲಿ.

ಶಾಲೆಯ ಮಟ್ಟಿಗೆ ನಮ್ಮ ಶಿಫಾರಸು: 65 ಇಂಚಿನ, ಓರೆಯಿಂದಲೂ ಕಾಣುವ ಎಲ್‌ಸಿಡಿ. 75 ಇಂಚಿಗೆ ನಮ್ಮ ಹಣ ಸಾಲದು. ಮೊದಲ ಬೆಂಚಿಗೂ ಗೋಡೆಗೂ ನಡುವೆ ಈಗ ಏಳೂವರೆ ಅಡಿಯಿದೆ. ಬೆಂಚುಗಳನ್ನೆಲ್ಲ ಎರಡು ಅಡಿ ಮುಂದೆ ಸರಿಸಿದರೆ ಕೊನೆಯದು ಸರಿಯಾಗಿ 16 ಅಡಿಗೆ ಬರುವುದು. ಟೀವಿಯನ್ನು ಕಿಟಕಿಗೆದುರಲ್ಲ, ಕಿಟಕಿಯ ಪಕ್ಕದ ಗೋಡೆಗೆ ಹಾಕತಕ್ಕದ್ದು. ಅಡಿಯ ಅಂಚು ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿರಲಿ.

ಬರುವ ಶನಿವಾರ ಸಮಿತಿಯ ಇಬ್ಬರೊಡನೆ ನಾವು ಅಂಗಡಿಗೆ ಹೋಗುವವರಿದ್ದೇವೆ. ಈ ಸಲ ನವಿಲನ್ನು ನೋಡುವುದಿಲ್ಲ. ಐದನೆಯ ತರಗತಿಯ ಪಾಠದ ಪುಟವೊಂದನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು, ಅಳತೆಯ ಟೇಪನ್ನೂ ಹಿಡಿದುಕೊಂಡು ಹೋಗುತ್ತೇವೆ. ‘ದನವಂತ’ ಎಂದು ಬರೆದ ಆ ಬಾಲಕನು ಈಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಅವನನ್ನೂ ಜೊತೆಗೆ ಕರೆದಿದ್ದೇವೆ. 16 ಅಡಿ ದೂರದಲ್ಲಿ, ಬದಿಗೆ ನಿಂತು, ಅವನು ಆ ಪುಟವನ್ನು ಗಟ್ಟಿಯಾಗಿ ಓದಬೇಕು. ಅವನ ತಾಯಿಯವರು ಒಪ್ಪಿಗೆ ಕೊಟ್ಟಿದ್ದಾರೆ.